ಕೋಲು ಹಿಡಿದು ಗಾಳಿಯಲ್ಲಿ ಕೂರುವ ಜಾದೂ: ಉಕ್ಕಿನ ಚೌಕಟ್ಟು ಕಟ್ಟಿದ ಬಗೆ

ಕಲಾವಿದ ನೆಲದಿಂದ 600 ಮಿ.ಮೀ. ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾನೆ. ಕೆಳಗೆ ಏನೂ ಇಲ್ಲ. ಒಂದು ಕೈ ಮಾತ್ರ ನೆಲಕ್ಕೂರಿದ ಕೋಲನ್ನು ಹಗುರವಾಗಿ ಹಿಡಿದಿದೆ. ಬೀದಿಯಲ್ಲೂ ವೇದಿಕೆಯಲ್ಲೂ ಇದನ್ನು ನೋಡಿದವರು ಬಹಳ, ಊಹಿಸಿದವರೂ ಬಹಳ. ಕೋಲು ಉಕ್ಕಿನದು, ತೋಳು ಅಂಗಿಯ ಕೈಯೊಳಗಿದೆ, ಅಂಗಿಯ ಕೆಳಗೆ ಆಸನವಿದೆ. ಇಷ್ಟನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. 1830ರ ಆಸುಪಾಸಿನಲ್ಲಿ ಮದರಾಸಿನಲ್ಲಿ ಶೇಷಾಲ್ ಎಂಬಾತ ಬಿದಿರಿನ ಕೋಲು ಮತ್ತು ಸುತ್ತಿದ ಜಿಂಕೆ ಚರ್ಮದ ಆಸರೆಯಲ್ಲಿ ಇದನ್ನೇ ತೋರಿಸುತ್ತಿದ್ದ. 1847ರಲ್ಲಿ ಪ್ಯಾರಿಸ್‌ನ ಜಾದೂಗಾರ ರಾಬರ್ಟ್-ಹೂಡಿನ್ ತನ್ನ ಮಗನನ್ನು ಕೋಲಿನ ಮೇಲೆ ಅಡ್ಡ ಮಲಗಿಸಿ, ಅದು ಮತ್ತು ಬರಿಸುವ ಈಥರ್‌ನ ಮಹಿಮೆ ಎಂದು ಹೇಳಿ ಸಭೆಯನ್ನು ಬೆರಗುಗೊಳಿಸಿದ. ಹುಡುಗನ ಬಟ್ಟೆಯೊಳಗೆ ಲೋಹದ ಕವಚ, ಕವಚಕ್ಕೂ ಕೋಲಿಗೂ ಬಿಗಿಯಾದ ಬೆಸುಗೆಯಂಥ ಜೋಡಣೆ. ಅಮೆರಿಕದ ಜಾದೂಗಾರ ಕೆಲ್ಲರ್ 1904ರಲ್ಲಿ ತೋರಿಸಿದ್ದೂ ಡೇವಿಡ್ ಕಾಪರ್‌ಫೀಲ್ಡ್ 1990ರ ದಶಕದಲ್ಲಿ ಹಾರಿದ್ದೂ ತೆಳುವಾದ ತಂತಿಗಳ ಕುಲಕ್ಕೆ ಸೇರಿದವು. ಅದು ಬೇರೆಯೇ ವಿದ್ಯೆ. ತಲೆಯ ಮೇಲೆ ಭಾರ ತೂಗುಹಾಕುವ ಕೆಲಸ ಅದರಲ್ಲೇ ಪಳಗಿದವರಿಗೆ ಬಿಟ್ಟದ್ದು. ಇಲ್ಲಿರುವುದು ಒಂದು ಕಂಬ, ಒಂದು ತೋಳು, ಒಂದು ಆಸನ.

ಕಂಬ ಕಾಣುತ್ತದೆಯೇ ಎಂಬುದು ಈ ಆಟದಲ್ಲಿ ದೊಡ್ಡ ಪ್ರಶ್ನೆಯಲ್ಲ. ಕೋಲು ಎಲ್ಲರಿಗೂ ಕಾಣಲೇಬೇಕು. ಪ್ರೇಕ್ಷಕರ ಕಣ್ಣು ಹಿಡಿಯುವುದು ಅಲುಗಾಟವನ್ನು. ಕೂತವನು ಉಸಿರೆಳೆದಾಗ ಕೋಲಿನ ತುದಿ 5 ಮಿ.ಮೀ. ಓಲಾಡಿದರೂ ಭಾರ ಯಾವುದರ ಮೇಲಿದೆ ಎಂದು ಮಗುವಿಗೂ ಗೊತ್ತಾಗುತ್ತದೆ. ಆದ್ದರಿಂದ ಮುರಿಯದಿರುವಷ್ಟು ಗಟ್ಟಿ ಇದ್ದರೆ ಸಾಲದು, ಅಲುಗದಿರುವಷ್ಟು ಬಿಗಿ ಇರಬೇಕು. ಕೆಳಗಿನ ಅಳತೆಗಳೆಲ್ಲ ಈ ಒಂದು ಬೇಡಿಕೆಯಿಂದ ಹುಟ್ಟಿದವು.

ಲೆಕ್ಕ

ಕೂರುವವರ ತೂಕ 70 ಕೆ.ಜಿ. ಎಂದಿಟ್ಟುಕೊಳ್ಳಿ. ಕೋಲಿನ ಮಧ್ಯದಿಂದ ಆಸನದ ಮಧ್ಯಕ್ಕೆ 450 ಮಿ.ಮೀ. ಇದಕ್ಕಿಂತ ಹತ್ತಿರ ತಂದರೆ ಮೊಣಕಾಲು ಕೋಲಿಗೆ ತಾಗುತ್ತದೆ, ಕೈ ಮುದುಡಿದಂತೆ ಕಾಣುತ್ತದೆ. ಕೋಲಿನ ಮೇಲೆ ಬೀಳುವ ಬಾಗಿಸುವ ಮೊಮೆಂಟ್ (ಬಲವನ್ನು ದೂರದಿಂದ ಗುಣಿಸಿದ್ದು): 70 × 9.81 × 0.45 = 309 ನ್ಯೂಟನ್-ಮೀಟರ್. ಹತ್ತುವಾಗ ಇಳಿಯುವಾಗ ಬೀಳುವ ಎಳೆತಕ್ಕೆ ಇದನ್ನು ಇಮ್ಮಡಿ ಮಾಡಿಕೊಳ್ಳಿ. ಚೌಕಟ್ಟು 618ನ್ನು ತಡೆಯಬೇಕು.

ಕೋಲಿಗೆ 32 ಮಿ.ಮೀ. ಘನ ಸರಳು ಹಾಕುವುದು ಹಲವರ ಮೊದಲ ಯೋಚನೆ. ತೆಳ್ಳಗೆ ಕಾಣುತ್ತದೆ, ಮುರಿಯುವುದೂ ಇಲ್ಲ. ಆದರೆ 900 ಮಿ.ಮೀ. ಎತ್ತರದಲ್ಲಿ ಅದರ ತುದಿ ಸುಮಾರು 1.5 ಡಿಗ್ರಿ ವಾಲುತ್ತದೆ. ಅದೇ ಜಾಗದಲ್ಲಿ 42.4 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪದ ಪೈಪ್ ಹಾಕಿದರೆ ವಾಲುವುದು 0.9 ಡಿಗ್ರಿ ಮಾತ್ರ. ತೂಕವೂ ಕಡಿಮೆ: ಸರಳು ಮೀಟರಿಗೆ 6.3 ಕೆ.ಜಿ., ಪೈಪ್ 3.8. ಪೈಪಿನಲ್ಲಿ ಒತ್ತಡ 73 ಮೆಗಾಪಾಸ್ಕಲ್, ಇಮ್ಮಡಿ ಭಾರದಲ್ಲಿ 146. ಮೈಲ್ಡ್ ಸ್ಟೀಲ್ ಬಾಗಿ ಹಾಗೆಯೇ ಉಳಿಯುವುದು ಸುಮಾರು 250ರ ಆಚೆಗೆ. ದಪ್ಪ ಹತ್ತು ಮಿ.ಮೀ. ಹೆಚ್ಚಾಯಿತೆಂದು ಮರುಗಬೇಡಿ. ದಪ್ಪ ಬಿದಿರಿನಂತೆ ಕಾಣುವ ಕೋಲನ್ನು ಯಾರೂ ಅನುಮಾನಿಸುವುದಿಲ್ಲ.

ಸಾಮಗ್ರಿ

- ಸೀಮ್‌ಲೆಸ್ (ಬೆಸುಗೆ ಗೆರೆಯಿಲ್ಲದ) ಪೈಪ್, 42.4 × 4 ಮಿ.ಮೀ., 900 ಮಿ.ಮೀ. ಉದ್ದ
- 50 × 25 ಘನ ಪಟ್ಟಿ: 850 ಮಿ.ಮೀ.ನದು ಒಂದು, 325 ಮಿ.ಮೀ.ನವು ನಾಲ್ಕು
- 65 ಮಿ.ಮೀ. ದುಂಡು ಸರಳು: ತಳದ ಬುಷ್‌ಗೆ (ಕೋಲಿನ ಬುಡ ಕೂರುವ ಟೊಳ್ಳು ಗೂಡು) 150, ತೋಳಿನ ಕಾಲರ್‌ಗೆ (ಕೋಲಿನ ತುದಿಗೆ ತೂರುವ ಕೊಳವೆ) 100 ಮಿ.ಮೀ.
- 120 × 120 × 12 ಪ್ಲೇಟ್ ಒಂದು, 60 × 60 × 8 ತ್ರಿಕೋನ ಗಸೆಟ್ (ಸಂದಿನ ಮೂಲೆಗೆ ಆಸರೆ ಕೊಡುವ ತುಂಡು) ಐದು
- ತೋಳಿಗೆ 40 × 16 ಪಟ್ಟಿ, ಸುಮಾರು 800 ಮಿ.ಮೀ.
- ಆಸನದ ಚೌಕಟ್ಟಿಗೆ 40 × 6 ಪಟ್ಟಿ, ಮೇಲೆ 18 ಮಿ.ಮೀ. ಪ್ಲೈವುಡ್ 300 × 280
- ಎಂ10 ಬೋಲ್ಟ್ (8.8 ದರ್ಜೆ) ಎರಡು, 10 ಮಿ.ಮೀ. ಪಿನ್ ಒಂದು, ಎಂ12 ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ನಾಲ್ಕು
- ತಳದ ಸಂದು ತುಂಬಲು 12 ಮಿ.ಮೀ. ಪ್ಲೈವುಡ್, 40 ಮಿ.ಮೀ. ಗಟ್ಟಿ ಫೋಮ್, ಸೊಂಟದ ಬೆಲ್ಟ್

ಕಲಾಯಿ ಹಾಕಿದ ಜಿ.ಐ. ಪೈಪ್ ಬೇಡ. ವೆಲ್ಡಿಂಗ್‌ನಲ್ಲಿ ಬರುವ ಸತುವಿನ ಹೊಗೆ ಎದೆಗೆ ಕೆಟ್ಟದ್ದು, ಬೆಸುಗೆಯೂ ಗುಳ್ಳೆ ಗುಳ್ಳೆಯಾಗುತ್ತದೆ. ಸೀಮ್‌ಲೆಸ್ ಸಿಗದೆ ಬೆಸುಗೆ ಗೆರೆಯಿರುವ ಪೈಪ್ ಬಳಸಬೇಕಾಗಿ ಬಂದರೆ, ಆ ಗೆರೆ ಆಸನದ ಕಡೆಗೂ ಅದರ ಎದುರು ದಿಕ್ಕಿಗೂ ಬರಬಾರದು. ಪಕ್ಕಕ್ಕೆ ಬರಲಿ. ಬಾಗುವಾಗ ಎಳೆತ ಮತ್ತು ಒತ್ತು ಬೀಳುವುದು ಆ ಎರಡು ಬದಿಗಳ ಮೇಲೆ, ಪಕ್ಕಗಳಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ. ತೂತು, ಸೀಳು, ಗೆರೆ ಯಾವುದಿದ್ದರೂ ಇದೇ ನಿಯಮ.

ತಳಪಾಯ

850ರ ಪಟ್ಟಿ ಬೆನ್ನೆಲುಬು. ಅದನ್ನು ಎಲ್ಲೂ ಕತ್ತರಿಸದೆ ಒಂದೇ ತುಂಡಾಗಿ ಬಿಡಿ. ಎರಡು ತುದಿಗಳಲ್ಲೂ ಎಡಬಲಕ್ಕೆ 325ರ ತುಂಡುಗಳನ್ನು ಬೆಸೆದರೆ ಮಲಗಿದ H ಆಕಾರ ಬರುತ್ತದೆ: ಅಗಲ 700, ಅಡ್ಡಪಟ್ಟಿಗಳ ನಡುವಿನ ದೂರ ಮಧ್ಯದಿಂದ ಮಧ್ಯಕ್ಕೆ 800. ಅಡ್ಡಪಟ್ಟಿಯನ್ನು ಇಡಿಯಾಗಿಟ್ಟು ಬೆನ್ನೆಲುಬನ್ನು ಅದಕ್ಕೆ ತಾಗಿಸಿ ಬೆಸೆಯುವುದು ಸುಲಭ. ಆದರೆ ಆಗ 309 ನ್ಯೂಟನ್-ಮೀಟರ್ ಪೂರ್ತಿ ಒಂದು ಬೆಸುಗೆಯ ಮೇಲೆ ಬೀಳುತ್ತದೆ, ಅದೂ ಬಗ್ಗಿ ನೋಡಲಾಗದ ಜಾಗದಲ್ಲಿ.

ಕೋಲು ಒಂದು ತುದಿಯ ಅಡ್ಡಪಟ್ಟಿಯ ನಡುವೆ ನಿಲ್ಲುತ್ತದೆ. ಕೂತವನ ಭಾರ 450ರಲ್ಲಿ ಬೀಳುವುದರಿಂದ ಮುಂದಕ್ಕೆ 350, ಎರಡೂ ಪಕ್ಕಕ್ಕೆ 350 ಮಿ.ಮೀ. ಅಂಚು ಉಳಿಯುತ್ತದೆ. ದೇಹದ ಗುರುತ್ವ ಕೇಂದ್ರ ಸುಮಾರು 850 ಮಿ.ಮೀ. ಎತ್ತರದಲ್ಲಿದೆ ಎಂದರೂ 22 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಕೂತಾಗ ಇಷ್ಟು ಭದ್ರವಾದ ಇದು ಖಾಲಿ ಇದ್ದಾಗ ಮಾತ್ರ ಅಪಾಯಕಾರಿ. ತಳಪಾಯ 21 ಕೆ.ಜಿ. ಅಷ್ಟೇ. ಒಂದೂವರೆ ಮೀಟರ್ ಎತ್ತರದ ಕೋಲಿನ ತುದಿಯನ್ನು ಹಿಂದಕ್ಕೆ 6 ಕೆ.ಜಿ. ಬಲದಲ್ಲಿ ತಳ್ಳಿದರೆ ಬರೀ ತಳ-ಕೋಲು ಬಿದ್ದೇ ಹೋಗುತ್ತದೆ. ಜೋಡಿಸುವಾಗ ದೂರದ ಅಡ್ಡಪಟ್ಟಿಯ ಮೇಲೆ ಮರಳಿನ ಚೀಲವಿರಲಿ.

ನಾಲ್ಕೂ ತುದಿಗಳಲ್ಲಿ ಎಂ12 ತೂತು ಕೊರೆದು ಥ್ರೆಡ್ ಹಾಕಿ ಗ್ರಬ್ ಸ್ಕ್ರೂ ಕೂರಿಸಿದ್ದು ಏರುಪೇರಿನ ನೆಲಕ್ಕಾಗಿ. ಮೇಲಿನಿಂದಲೇ ಅಲೆನ್ ಕೀ ತಿರುಗಿಸಿ ಮಟ್ಟ ಮಾಡಬಹುದು. H ನಡುವಿನ ಖಾಲಿ ಜಾಗಕ್ಕೆ ಪ್ಲೈವುಡ್ ಎರಡು ಪದರ ತುಂಬಿ. ತುಂಬದಿದ್ದರೆ ಮೇಲೆ ಹಾಸಿದ ಜಮಖಾನೆಯಲ್ಲಿ H ಅಚ್ಚೊತ್ತಿದಂತೆ ಮೂಡುತ್ತದೆ.

ಬುಷ್ ಮತ್ತು ಕೋಲು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಈ ಎರಡರ ನಡುವಿನ ಸಡಿಲ. 150 ಮಿ.ಮೀ. ಆಳದ ಬುಷ್‌ನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೆ 900 ಮಿ.ಮೀ. ಎತ್ತರದಲ್ಲಿ ಅದು 3 ಮಿ.ಮೀ. ಆಟವಾಗುತ್ತದೆ. ಸಾಲದ್ದಕ್ಕೆ ಪ್ರತಿ ಸಲ ಭಾರ ಬದಲಾದಾಗ ಟಕ್ ಎಂದು ಸದ್ದು. ಅಂಗಡಿಯಿಂದ ತಂದ ಪೈಪಿನ ಹೊರವ್ಯಾಸ ಕಾಗದದಲ್ಲಿ ಬರೆದಷ್ಟೇ ಇರುವುದಿಲ್ಲ, ಕೆಲವೊಮ್ಮೆ 0.4 ಮಿ.ಮೀ.ವರೆಗೆ ಹೆಚ್ಚುಕಡಿಮೆ. ಹಾಗಾಗಿ ಮೊದಲು ಪೈಪ್ ತಂದು ನಾಲ್ಕು ಕಡೆ ವರ್ನಿಯರ್ ಹಿಡಿದು ಅಳೆದು, ಅತಿ ದಪ್ಪ ಅಳತೆಗಿಂತ 0.2 ಮಿ.ಮೀ. ಹೆಚ್ಚಿಗೆ ಬುಷ್ ಕೊರೆಯಲು ಲೇತ್‌ನವರಿಗೆ ಹೇಳಿ. ಪೈಪನ್ನೇ ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಉಳಿದ 0.2ನ್ನು ಬಿಗಿತದಿಂದ ತೆಗೆಯಬೇಕು. ಬುಷ್‌ನ ಮೇಲಿನ 100 ಮಿ.ಮೀ.ಗೆ ಒಂದು ಪಕ್ಕದಲ್ಲಿ ಸೀಳು, ಸೀಳಿನ ಎರಡೂ ಕಡೆ ಕಿವಿ, ಕಿವಿಗಳಿಗೆ ಎಂ10 ಬೋಲ್ಟ್ ಎರಡು. ಬೋಲ್ಟ್ ಬಿಗಿಸಿದಾಗ ಬುಷ್ ಪೈಪನ್ನು ಅಪ್ಪಿಕೊಳ್ಳುತ್ತದೆ. ಕೆಲಸದ ಸರದಿ ತಪ್ಪಬಾರದು. ಮೊದಲು ಕಿವಿ ಬೆಸೆಯಿರಿ, ಆಮೇಲೆ ಒಳವ್ಯಾಸ ಕೊರೆಸಿ, ಕೊನೆಗೆ ಸೀಳಿ. ಕೊರೆದ ಮೇಲೆ ಕಿವಿ ಬೆಸೆದರೆ ಬಿಸಿಗೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ ಪೈಪ್ ಅರ್ಧಕ್ಕೇ ನಿಲ್ಲುತ್ತದೆ. ತಳಕ್ಕೆ ಬೆಸೆಯುವಾಗಲೂ ಇದೇ ಕಾಟ ಇರುವುದರಿಂದ ಬುಷ್‌ನ ಕೆಳಗಿನ 20 ಮಿ.ಮೀ.ಯನ್ನು 1 ಮಿ.ಮೀ. ಅಗಲವಾಗಿ ಕೊರೆಸಿಡುವುದು ಜಾಣತನ. ಕುಗ್ಗಿದರೂ ಅಲ್ಲೇ ಕುಗ್ಗಲಿ.

ಬೆನ್ನೆಲುಬಿನ ತುದಿಯ ಮೇಲೆ 12 ಮಿ.ಮೀ. ಪ್ಲೇಟ್, ಪ್ಲೇಟಿನ ಮೇಲೆ ಬುಷ್, ನಾಲ್ಕು ದಿಕ್ಕಿಗೆ ನಾಲ್ಕು ಗಸೆಟ್. ಪೈಪನ್ನು ಬುಷ್‌ನೊಳಗೆ ಇಟ್ಟುಕೊಂಡೇ ಎದುರು ಬದುರಾಗಿ ಟ್ಯಾಕ್ (ಚಿಕ್ಕ ತಾತ್ಕಾಲಿಕ ಬೆಸುಗೆ) ಹಾಕಿ, ಪ್ರತಿ ಟ್ಯಾಕ್ ಆದ ಮೇಲೆ ತೂಗುಗುಂಡು ಇಳಿಬಿಟ್ಟು ನೋಡಿ. ತಣ್ಣಗಾಗುವ ಬೆಸುಗೆ ಕೋಲನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೋಲು ಎರಡು ಡಿಗ್ರಿ ವಾಲಿಯೇ ನಿಲ್ಲುತ್ತದೆ. ಆಮೇಲೆ ಸುತ್ತಿಗೆ ಹಿಡಿದು ನೆಟ್ಟಗೆ ಮಾಡಹೋಗುವುದು ಬೆಸುಗೆಯ ಬೇರಿಗೇ ಪೆಟ್ಟು ಕೊಟ್ಟಂತೆ.

ಉಕ್ಕಿನ ಕೋಲು 900ಕ್ಕೆ ಮುಗಿಯುತ್ತದೆ, ಕಾಣುವ ಕೋಲು ಮುಗಿಯಬಾರದು. ಮೇಲಿನ 600 ಮಿ.ಮೀ. ಹಗುರ ಮರದ್ದು, ಪೈಪಿನೊಳಗೆ 100 ಮಿ.ಮೀ. ತೂರಿಸಿ ಕೂರಿಸಿದ್ದು. ಕೈಗಿಂತ ಮೇಲೆ ಕೋಲು ಉದ್ದಕ್ಕಿದ್ದರೆ ಹಿಡಿದ ಜಾಗವೇ ತುದಿ ಎಂಬ ಗುಮಾನಿ ಹುಟ್ಟುವುದಿಲ್ಲ.

ತೋಳು

ಕಾಲರ್ 100 ಮಿ.ಮೀ. ಉದ್ದ, ಬುಷ್‌ನಷ್ಟೇ ಒಳವ್ಯಾಸ. ಕೋಲಿನ ತುದಿಗೆ ಮೇಲಿನಿಂದ ತೂರಿ ಕೂರುತ್ತದೆ. ಜಾರದಂತೆ, ತಿರುಗದಂತೆ 10 ಮಿ.ಮೀ. ಪಿನ್, ತೋಳಿನ ದಿಕ್ಕಿಗೆ ಅಡ್ಡವಾಗಿ. ಕಾಲರಿನಿಂದ 40 × 16 ಪಟ್ಟಿ (40 ನಿಂತ ಬದಿ) 250 ಮಿ.ಮೀ. ಅಡ್ಡ ಹೋಗಿ ಮೊಣಕೈ ಬಳಿ ಕೆಳಗೆ ತಿರುಗುತ್ತದೆ. ಅಲ್ಲಿಂದ 300 ಮಿ.ಮೀ. ಇಳಿದು ಸೊಂಟದ ಪಕ್ಕದಲ್ಲಿ ಆಸನವನ್ನು ಸೇರುತ್ತದೆ. ಬಾಗಿದ ಕೈ ಹೋಗುವ ಹಾದಿಯೂ ಇದೇ.

ಬೆಸುಗೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದ ಜಾಗ ಕಾಲರ್-ತೋಳಿನ ಸಂದು. ಪಟ್ಟಿಯ ಎರಡು ಬದಿಗೆ 8 ಮಿ.ಮೀ. ಫಿಲೆಟ್ (ಮೂಲೆಯಲ್ಲಿ ಎಳೆಯುವ ಬೆಸುಗೆ) ಎಳೆದು ಬಿಟ್ಟರೆ ಬೆಸುಗೆಯಲ್ಲಿ ಒತ್ತಡ 103 ಮೆಗಾಪಾಸ್ಕಲ್, ಇಮ್ಮಡಿ ಭಾರದಲ್ಲಿ 200 ದಾಟುತ್ತದೆ. ದಿನಾ ಹತ್ತಿಳಿಯುವ ವಸ್ತುವಿಗೆ ಅದು ಬಿರುಕಿನ ಆಹ್ವಾನ. ಪಟ್ಟಿಯ ತುದಿಯನ್ನು ಎರಡೂ ಬದಿಯಿಂದ 45 ಡಿಗ್ರಿ ಗ್ರೈಂಡ್ ಮಾಡಿ ಬೇರಿನವರೆಗೂ ತುಂಬಿಸಿ ಬೆಸೆಯಿರಿ. ಅಡಿಯಲ್ಲಿ ಐದನೆಯ ಗಸೆಟ್ ಕೊಡಿ. ಪಟ್ಟಿಯಷ್ಟೇ ಗಟ್ಟಿಯಾದ ಬೆಸುಗೆಯಲ್ಲಿ ಒತ್ತಡ 72ಕ್ಕೆ ಇಳಿಯುತ್ತದೆ, ಗಸೆಟ್ ಅದನ್ನು ಇನ್ನೂ ತಗ್ಗಿಸುತ್ತದೆ. ಮೊಣಕೈ ತಿರುವನ್ನೂ ಹೀಗೆಯೇ ಮಾಡಿ. ಪಟ್ಟಿಯನ್ನು ತಣ್ಣಗೆ ಚೂಪಾಗಿ ಬಗ್ಗಿಸಿದರೆ ಹೊರ ಅಂಚು ಸೀಳುವುದುಂಟು.

ಇನ್ನು ವಾಲುವ ಲೆಕ್ಕ. ಕೋಲು 0.9 ಡಿಗ್ರಿ, ತಳದ ಬೆನ್ನೆಲುಬು 0.36, ತೋಳು ಸುಮಾರು 0.37. ಒಟ್ಟು 1.6 ಡಿಗ್ರಿಯಷ್ಟು ಆಸನ ಕೋಲಿನಾಚೆಗೆ ಬಾಗುತ್ತದೆ. ಯಾರೂ ಕೂರದಾಗ ರಸಮಟ್ಟ ಇಟ್ಟು ಸಮ ಮಾಡಿದ ಆಸನ, ಕೂತ ಮೇಲೆ ಜಾರುಬಂಡೆಯಾಗುತ್ತದೆ. ಕಲಾವಿದ ಅರಿವಿಲ್ಲದೆ ಕೋಲನ್ನು ಎಳೆದು ಹಿಡಿಯುತ್ತಾನೆ, ಗೆಣ್ಣುಗಳು ಬಿಳುಪೇರುತ್ತವೆ, ಹಗುರವಾಗಿ ಹಿಡಿದ ಕೈಯ ನಾಟಕ ಅಲ್ಲಿಗೆ ಮುಗಿಯಿತು. ಅದಕ್ಕೇ ಕಾಲರಿಗೆ ಬೆಸೆಯುವಾಗಲೇ ತೋಳನ್ನು 2 ಡಿಗ್ರಿ ಮೇಲಕ್ಕೆತ್ತಿ ಇಡಿ. 450 ಮಿ.ಮೀ.ಗೆ 16 ಮಿ.ಮೀ. ಏರು. ಭಾರ ಬಿದ್ದಾಗ ಆಸನ ಸಮಕ್ಕೆ ಬಂದು, ಕೂದಲೆಳೆಯಷ್ಟು ಕೋಲಿನ ಕಡೆಗೇ ಒರಗುತ್ತದೆ.

ಆಸನ

ಪ್ಲೈವುಡ್‌ನ ಮುಂದಿನ ಅಂಚನ್ನು 30 ಮಿ.ಮೀ. ತ್ರಿಜ್ಯಕ್ಕೆ ಉರುಟಾಗಿಸಿ. ಚೂಪು ಅಂಚು ತೊಡೆಯ ಅಡಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮಡಿಸಿದ ಕಾಲುಗಳಿಗೆ ಆಧಾರ ಬೇಕೇ ಬೇಕು, ಇಲ್ಲದಿದ್ದರೆ ಮೊಣಕಾಲು ಜೋತುಬಿದ್ದು ಸ್ಟೂಲಿನ ಮೇಲೆ ಕೂತವರ ಭಂಗಿ ಬರುತ್ತದೆ. 12 ಮಿ.ಮೀ. ಸರಳನ್ನು U ಆಕಾರಕ್ಕೆ ಬಗ್ಗಿಸಿ ಆಸನದ ಮುಂದಕ್ಕೆ 200 ಮಿ.ಮೀ. ಚಾಚಿದರೆ ಸಾಕು. ಬೆನ್ನ ಕೆಳಭಾಗಕ್ಕೆ 150 ಮಿ.ಮೀ. ಎತ್ತರದ ಒರಗು, ಅದಕ್ಕೆ ಸೊಂಟದ ಬೆಲ್ಟ್. ಬಕಲ್ ಮುಂದೆಯೇ ಇರಲಿ, ಕಲಾವಿದನ ಇನ್ನೊಂದು ಕೈಗೆ ಎಟುಕಬೇಕು. ಒಬ್ಬನೇ ಬಿಚ್ಚಿಕೊಳ್ಳಲಾಗದ ಬೆಲ್ಟ್ ಕಟ್ಟುವುದಕ್ಕಿಂತ ಕಟ್ಟದಿರುವುದೇ ಲೇಸು.

ಭಾರದ ಪರೀಕ್ಷೆ

ಮನುಷ್ಯ ಕೂರುವ ಮೊದಲು ಮರಳಿನ ಚೀಲ ಕೂರಲಿ. ಆಸನದ ಕೆಳಗೆ 50 ಮಿ.ಮೀ. ಸಂದು ಬಿಟ್ಟು ಮರದ ದಿಮ್ಮಿ ಪೇರಿಸಿಡಿ, ಮುರಿದರೂ ಅಷ್ಟೇ ಬೀಳಲಿ. ಮೊದಲು 70 ಕೆ.ಜಿ. ಇಟ್ಟು ಆಸನದ ಮಧ್ಯ ಎಷ್ಟು ಇಳಿಯಿತು ಎಂದು ಅಳೆಯಿರಿ. ಲೆಕ್ಕದ ಪ್ರಕಾರ 12 ಮಿ.ಮೀ. ಆಸುಪಾಸು. 18-20 ಬಂದರೆ ಉಕ್ಕನ್ನು ದೂರಬೇಡಿ, ಎಲ್ಲೋ ಸಡಿಲವಿದೆ: ಬುಷ್ ಬೋಲ್ಟ್, ಪಿನ್, ಇಲ್ಲವೇ ನೆಲಕ್ಕೆ ತಾಗದ ಗ್ರಬ್ ಸ್ಕ್ರೂ, ಇದೇ ಕ್ರಮದಲ್ಲಿ ಹುಡುಕಿ. ಆಮೇಲೆ 140 ಕೆ.ಜಿ. ಇಟ್ಟು ಅರ್ಧ ಗಂಟೆ ಬಿಡಿ. ಇಳಿಸಿದಾಗ ಆಸನ ಮೊದಲಿದ್ದ ಎತ್ತರಕ್ಕೆ 1 ಮಿ.ಮೀ.ಯೊಳಗೆ ಮರಳಬೇಕು. ಮರಳದಿದ್ದರೆ ಯಾವುದೋ ಭಾಗ ಶಾಶ್ವತವಾಗಿ ಬಾಗಿದೆ, ಬಣ್ಣ ಹಚ್ಚುವ ಮಾತು ಇನ್ನೂ ದೂರ. ಬೆಸುಗೆಗಳ ಮೇಲೆ ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಾಕಿ ನೋಡುವುದೂ ಬಣ್ಣಕ್ಕೆ ಮುಂಚೆಯೇ.

ಕೂತ ಮನುಷ್ಯ ಮೈ ಅಲುಗಿಸಿದರೆ ಚೌಕಟ್ಟು ಸೆಕೆಂಡಿಗೆ 4-5 ಬಾರಿ ಕಂಪಿಸಿ ನಿಲ್ಲುತ್ತದೆ. ಇದನ್ನು ಪೂರ್ತಿ ಕೊಲ್ಲಲಾಗದು. ನಿಧಾನವಾದ ಉಸಿರಾಟ ಅದನ್ನು ಕೆರಳಿಸುವುದಿಲ್ಲ. ಕೆಮ್ಮು, ನಗು, ಕಾಲು ಕುಣಿಸುವುದು ಕೆರಳಿಸುತ್ತವೆ. ಧ್ಯಾನಸ್ಥ ಯೋಗಿಯ ವೇಷ ಇಷ್ಟೊಂದು ಚಾಲ್ತಿಯಲ್ಲಿರುವುದಕ್ಕೆ ಭಕ್ತಿಯಷ್ಟೇ ಕಾರಣವಲ್ಲ!

ಬಟ್ಟೆ ಮತ್ತು ಬೆಳಕು

ಕಾಲರ್ ಇರುವ ಕಡೆ ಕೋಲು ಉಬ್ಬಿರುತ್ತದೆ. ಉಬ್ಬನ್ನು ಅಡಗಿಸಲು ಹೆಣಗುವ ಬದಲು ಕೋಲಿನ ಮೇಲೆ ಇನ್ನೆರಡು ಕಡೆ ಅಂಥದೇ ಉಬ್ಬು ಮಾಡಿ, ಮೂರಕ್ಕೂ ಒಂದೇ ಬಗೆಯ ಹಗ್ಗ ಸುತ್ತಿ. ಮೂರು ಗಂಟುಗಳಲ್ಲಿ ಒಂದು ಯಾರ ಕಣ್ಣಿಗೂ ಬೀಳುವುದಿಲ್ಲ. ತಳದ ಬುಷ್ 150 ಮಿ.ಮೀ. ಮೇಲಕ್ಕೆದ್ದಿರುವುದರಿಂದ ಅದಕ್ಕೆ ಕಲ್ಲಿನಂಥ ಟೊಳ್ಳು ಗುಂಡು, ಪೆಟ್ಟಿಗೆ, ಹೂಕುಂಡ ಏನಾದರೂ ಮುಚ್ಚಳ ಬೇಕು.

ಅಂಗಿಯ ಕೈ ಅಗಲವಾಗಿರಲಿ, ಸುತ್ತಳತೆ 500 ಮಿ.ಮೀ.ಗೆ ಕಡಿಮೆ ಬೇಡ. ಉಕ್ಕಿನ ಪಟ್ಟಿಗೆ ಫೋಮ್ ಸುತ್ತಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೇರ ಅಂಚು ಮೂಡುತ್ತದೆ. ಮನುಷ್ಯನ ಕೈಯಲ್ಲಿ ನೇರ ಗೆರೆ ಇರುವುದಿಲ್ಲ. ಅಂಗಿಯ ಕೆಳ ಅಂಚು ಆಸನದಿಂದ 250 ಮಿ.ಮೀ. ಇಳಿದರೆ ನೆಲಕ್ಕೂ ಬಟ್ಟೆಗೂ ನಡುವೆ 350 ಮಿ.ಮೀ. ಬಯಲು ಉಳಿಯುತ್ತದೆ, ತೇಲುವ ಭಾವ ಹುಟ್ಟುವುದು ಆ ಬಯಲಿನಲ್ಲಿ. ಗಾಳಿ ಬೀಸಿದಾಗ ತೆಳು ಬಟ್ಟೆ ಚೌಕಟ್ಟಿಗೆ ಅಂಟಿ ಆಸನದ ಮೂಲೆಗಳನ್ನು ತೋರಿಸಿಬಿಡುತ್ತದೆ. ಒಳಗೆ ಕಪ್ಪು ಲೈನಿಂಗ್, ಆಸನದ ಸುತ್ತ ಬಕ್ರಮ್ ಪಟ್ಟಿ ಹೊಲಿಸಿ. ಸಂಜೆಯ ಇಳಿಬಿಸಿಲು ಹಿಂದಿನಿಂದ ಬೀಳದಂತೆ ಕೂರುವ ದಿಕ್ಕನ್ನು ಆರಿಸಿ. ಮೇಲಿನಿಂದ ಬೆಳಕು ಬಿದ್ದರೆ ನೆರಳು ದೇಹದ ಕೆಳಗೇ ಬಿಡಿಯಾಗಿ ಬೀಳುತ್ತದೆ, ಅರ್ಧ ಕೆಲಸವನ್ನು ಅದೇ ಮಾಡುತ್ತದೆ.

ಆಧಾರವೇ ಇಲ್ಲವೆಂದು ತೋರಿಸಲು ದೇಹದ ಸುತ್ತ ದೊಡ್ಡ ಬಳೆ ದಾಟಿಸುವ ಆಟವನ್ನು ಈ ಚೌಕಟ್ಟಿಗೆ ಸೇರಿಸಲಾಗದು. ವೇದಿಕೆಯಲ್ಲಿ ಮಲಗಿದವರ ಸುತ್ತ ಬಳೆ ದಾಟುವುದು ಹಿಂದಿನಿಂದ ಬರುವ ತೋಳು ಹಂಸದ ಕೊರಳಿನಂತೆ ಬಳುಕಿರುವಲ್ಲಿ: ಬಳೆ ಆ ಬಳುಕಿನೊಳಗೆ ಹೊಕ್ಕು ದೇಹದ ಉದ್ದಕ್ಕೂ ಸಾಗಿ, ತಿರುಗಿ ಇನ್ನೊಮ್ಮೆ ಬಂದಾಗ ಹೊರಬೀಳುತ್ತದೆ. ಅದಕ್ಕೆ ತೋಳು ಪರದೆಯ ಹಿಂದಿನಿಂದ ಬರಬೇಕು, ಪ್ರೇಕ್ಷಕರು ಮುಂದೆ ಮಾತ್ರ ಇರಬೇಕು. ಸುತ್ತಲೂ ಜನ ನಿಲ್ಲಬಹುದಾದ್ದೇ ಕೋಲಿನ ಚೌಕಟ್ಟಿನ ಲಾಭ.

ಹತ್ತುವುದು, ಇಳಿಯುವುದು, ತಪಾಸಣೆ

ಹತ್ತುವಾಗ ಪರದೆ ಹಿಡಿಯಲು ಇಬ್ಬರು, ಕಾಲಿಡಲು 200-250 ಮಿ.ಮೀ. ಎತ್ತರದ ಪೆಟ್ಟಿಗೆ. ಕೋಲನ್ನು ಹಿಡಿದು ಜಗ್ಗಿ ಹತ್ತಬಾರದು, ಅದು ಚೌಕಟ್ಟನ್ನು ತಿರುಚುತ್ತದೆ. ಆಸನದ ಎರಡು ಅಂಚು ಹಿಡಿದು, ಭಾರವನ್ನು ನಡುವಿಗೆ ತಂದು ಕೂರಬೇಕು. ಇಳಿಯುವಾಗ ಕಾಲು ಜೋಮು ಹಿಡಿದಿರುತ್ತದೆ ಎಂದೇ ಎಣಿಸಿ ಸಹಾಯಕ ಪಕ್ಕದಲ್ಲಿರಲಿ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಿಸಬೇಡಿ.

ಪ್ರತಿ ಪ್ರದರ್ಶನಕ್ಕೂ ಮುಂಚೆ ಪಿನ್ ಮತ್ತು ಬುಷ್ ಬೋಲ್ಟ್ ನೋಡಿ. ಬೋಲ್ಟಿನ ತಲೆಯಿಂದ ಬುಷ್‌ಗೆ ಒಂದು ಬಣ್ಣದ ಗೆರೆ ಎಳೆದಿಟ್ಟರೆ ಅದು ಸಡಿಲಾದದ್ದು ದೂರದಿಂದಲೇ ತಿಳಿಯುತ್ತದೆ. ಕಾಲರ್ ಸಂದಿನ ಮೇಲ್ಭಾಗದಲ್ಲಿ, ಅಂದರೆ ಎಳೆತ ಬೀಳುವ ಕಡೆ, ಬಣ್ಣ ಕೂದಲಿನಂತೆ ಬಿಟ್ಟಿದ್ದರೆ ಕೆರೆದು ನೋಡಿ. ಬಿರುಕು ಸಿಕ್ಕರೆ ಅದರ ಮೇಲೆ ಇನ್ನೊಂದು ಪದರ ಬೆಸುಗೆ ಎಳೆಯುವುದು ಪರಿಹಾರವಲ್ಲ, ಒಳಗಿನ ಬಿರುಕು ಹಾಗೆಯೇ ಉಳಿಯುತ್ತದೆ. ಹಳೆಯ ಬೆಸುಗೆಯನ್ನು ಬೇರಿನವರೆಗೂ ಗ್ರೈಂಡರ್‌ನಿಂದ ತೆಗೆದು, ಡೈ ಹಾಕಿ ಬಿರುಕು ಪೂರ್ತಿ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಂಡು ಹೊಸದಾಗಿ ಬೆಸೆದು, 140 ಕೆ.ಜಿ. ಪರೀಕ್ಷೆಯನ್ನು ಮೊದಲಿನಿಂದ ಮಾಡಿ.